ಅಲತಿಗೆ ಮತ್ತು ಮದರಂಗಿ: ಪುಲಿಗೆರೆ ನಾಡಿನ ಕೈಕಾಲ್ಬಣ್ಣದ ಇತಿಹಾಸ

ಕನ್ನಡ ಜೈನಕಾವ್ಯಗಳ ಓಲೆಪ್ರತಿಗಳನ್ನು ಓದಿ ಅರ್ಥ ನಿರ್ಣಯಿಸುವ ವಿದ್ವಾಂಸರಿಗೆ ಸ್ತ್ರೀಪ್ರಸಾಧನದ ವರ್ಣನೆಗಳಲ್ಲಿ ‘ಅಲತಗೆ’, ‘ಅಲತಿಗೆ’ ಎಂಬ ಪದವು ಪರಿಚಿತವಾದುದೇ ಆಗಿದೆ. ಅಡಿಗಳಿಗೆ ಕೆಂಪೇರಿಸುವ ದ್ರವ್ಯವೆಂಬಷ್ಟು ಅರ್ಥವು ಸಂದರ್ಭದಿಂದಲೇ ಹೊಳೆಯುತ್ತದೆ. ಆದರೆ ಇಂದಿನ ಓದುಗನಿಗೆ ಕೈಕಾಲುಗಳ ಕೆಂಪೆಂದೊಡನೆ ನೆನಪಿಗೆ ಬರುವುದು ಮದರಂಗಿ. ಆದ್ದರಿಂದ ಅಲತಿಗೆಗೆ ಮದರಂಗಿಯೆಂದು ಅರ್ಥ ಹೇಳುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಹಾಗೆ ಹೇಳಿದರೆ ಒಂದು ಪದದ ಅರ್ಥ ತಪ್ಪುವುದಲ್ಲದೆ, ಒಂದು ಆಚಾರದ ಇತಿಹಾಸವೇ ಐದಾರು ಶತಮಾನಗಳಷ್ಟು ಹಿಂದಕ್ಕೆ ಸರಿದುಹೋಗುತ್ತದೆ. ಅಲತಿಗೆಯು ಕೀಟದಿಂದ ದೊರೆಯುವ ಬಣ್ಣ. ಮದರಂಗಿಯು ಎಲೆಯಿಂದ ದೊರೆಯುವ ಬಣ್ಣ. ಜೀವದಯೆಯನ್ನು ಧರ್ಮದ ಮೂಲವೆಂದು ಬಗೆದ ಸಮಾಜದ ಸಾಹಿತ್ಯದಲ್ಲಿ ಈ ಭೇದವು ಅಲ್ಪವಾದುದಲ್ಲ.

ಈ ವಿಚಾರಕ್ಕೆ ಪುಲಿಗೆರೆಯ ಸುತ್ತಲಿನ ನಾಡು ತಕ್ಕ ಕ್ಷೇತ್ರವಾಗಿದೆ. ಇಂದಿನ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಕನ್ನಡದ ತಿರುಳು ನೆಲೆಗೊಂಡ ಊರುಗಳಲ್ಲಿ ಒಂದೆಂದು ಕವಿರಾಜಮಾರ್ಗವು ಅದನ್ನು ೯ನೆಯ ಶತಮಾನದಲ್ಲಿಯೇ ಹೆಸರಿಸಿತು. ೯೪೧ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನು ತನ್ನ ಭಾರತದಲ್ಲಿ ಪುಲಿಗೆರೆಯ ಕನ್ನಡವನ್ನೇ ತನ್ನ ಕಾವ್ಯಭಾಷೆಯೆಂದು ಹೇಳಿಕೊಂಡನು. ಪುಲಿಗೆರೆ ಮುನ್ನೂರು ಮತ್ತು ಬೆಳ್ವೊಲ ಮುನ್ನೂರು ಎಂಬ ಎರಡು ನಾಡುಗಳನ್ನು ಶಾಸನಗಳು ಒಟ್ಟಾಗಿ ‘ಎರಡರುನೂರು’ ಎಂದು ಕರೆಯುತ್ತವೆ. ಲಕ್ಷ್ಮೇಶ್ವರದ ಶಂಖಬಸದಿ, ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು ಕಟ್ಟಿಸಿದ ಬ್ರಹ್ಮಜಿನಾಲಯ ಇವು ಆ ಕಾಲದ ಸಾಕ್ಷಿಗಳು. ಇದೇ ನಾಡಿನಲ್ಲಿ ಇಂದು ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಹೆಣ್ಣುಮಕ್ಕಳು ಹಬ್ಬಕ್ಕೂ ಮದುವೆಗೂ ಅಂಗೈಗೆ ಮದರಂಗಿ ಹಚ್ಚಿಕೊಳ್ಳುತ್ತಾರೆ. ಕಾವ್ಯದ ಅಲತಿಗೆಗೂ ಇಂದಿನ ಮದರಂಗಿಗೂ ನಡುವೆ ಏನು ನಡೆಯಿತೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಅಲತಿಗೆಯ ಸ್ವರೂಪವನ್ನು ನೋಡಬಹುದು. ಇದು ಸಂಸ್ಕೃತದ ‘ಅಲಕ್ತಕ’ದ ತದ್ಭವ. ಅಮರಕೋಶವು ಲಾಕ್ಷಾ, ರಾಕ್ಷಾ, ಜತು, ಯಾವ, ಅಲಕ್ತ, ದ್ರುಮಾಮಯ ಎಂಬ ಹೆಸರುಗಳನ್ನು ಒಂದೆಡೆ ಹೇಳುತ್ತದೆ. ಇವುಗಳಲ್ಲಿ ಕೊನೆಯದು ಮನನೀಯವಾಗಿದೆ. ದ್ರುಮಾಮಯವೆಂದರೆ ಮರಕ್ಕೆ ಹತ್ತಿದ ರೋಗ. ಕನ್ನಡದಲ್ಲಿ ಇದೇ ‘ಅರಗು’. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ, ಹೆಂಗಸರು ತೊಡುವ ಅರಗಿನ ಬಳೆ ಇವುಗಳಿಂದ ಈ ವಸ್ತು ಎಲ್ಲರಿಗೂ ಪರಿಚಿತ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ಅತಿಸೂಕ್ಷ್ಮವಾದ ಕೀಟಗಳು ಗುಂಪುಗುಂಪಾಗಿ ನೆಲೆಸಿ, ಮರದ ರಸವನ್ನು ಹೀರಿ, ತಮ್ಮ ಮೈಸುತ್ತ ಅಂಟನ್ನು ಸುರಿಸಿಕೊಳ್ಳುತ್ತವೆ. ಆ ಅಂಟು ಗಟ್ಟಿಯಾದ ಮೇಲೆ ಕೊಂಬೆಯಿಂದ ಕೆರೆದು ಕುಟ್ಟಿ ನೀರಿನಲ್ಲಿ ತೊಳೆದರೆ ಕೆಂಪು ರಸ ಬಿಡುತ್ತದೆ. ಕೆಂಪು ಆ ಕೀಟಗಳ ದೇಹದ್ದು. ಉಳಿದ ಅಂಟು ಅರಗು. ಹೀಗೆ ಒಂದೇ ವಸ್ತುವಿನಿಂದ ಬಣ್ಣವೂ ಬೆಸುಗೆಯೂ ದೊರೆಯುತ್ತಿದ್ದವು.

ಮದರಂಗಿಯು ಇದಕ್ಕಿಂತ ಸಂಪೂರ್ಣ ಭಿನ್ನ. ಅದು ಹಿತ್ತಲಿನಲ್ಲಿಯೂ ಬೇಲಿಯಲ್ಲಿಯೂ ಬೆಳೆಯುವ ಪೊದೆ. ಅದರ ಎಲೆಯನ್ನು ನುಣ್ಣಗೆ ಅರೆದು, ಹುಣಿಸೆ ಅಥವಾ ನಿಂಬೆಯ ಹುಳಿ ಸೇರಿಸಿ ಮೈಗೆ ಮೆತ್ತಿದರೆ, ಎಲೆಯೊಳಗಿನ ವರ್ಣದ್ರವ್ಯವು ಚರ್ಮದ ಮೇಲ್ಪದರದೊಡನೆ ಕೂಡಿಕೊಳ್ಳುತ್ತದೆ. ತೊಳೆದಾಗ ಕಿತ್ತಳೆಯ ಛಾಯೆ ತೋರಿ ಒಂದೆರಡು ದಿನಗಳಲ್ಲಿ ಗಾಢವಾಗುತ್ತದೆ. ಚರ್ಮದ ಹೊರಪದರವು ಸವೆದಂತೆ ಒಂದರಿಂದ ಮೂರು ವಾರಗಳಲ್ಲಿ ಮಾಸುತ್ತದೆ. ಅಂಗೈ ಅಂಗಾಲುಗಳಲ್ಲಿ ಆ ಪದರವು ದಪ್ಪವಾಗಿರುವುದರಿಂದ ಬಣ್ಣವು ಅಲ್ಲಿಯೇ ಹೆಚ್ಚು ಏರುತ್ತದೆ.

ಇದರ ಹೆಸರುಗಳಲ್ಲಿ ಒಂದು ತೊಡಕಿದೆ. ಮದರಂಗಿಗೆ ಕನ್ನಡದ ಕೆಲವು ಕಡೆಗಳಲ್ಲಿ ‘ಗೋರಂಟೆ’, ‘ಗೋರಂಟಿ’ ಎಂಬ ಹೆಸರೂ ಉಂಟು. ಅದೇ ಹೆಸರು ಹಳದಿ ಹೂ ಬಿಡುವ ಮುಳ್ಳುಗೋರಂಟೆಗೂ ಸಲ್ಲುತ್ತದೆ. ಈ ಎರಡನೆಯದು ಅಮರಕೋಶದ ‘ಕುರಂಟಕ’. ಆದುದರಿಂದ ಉದ್ಯಾನವರ್ಣನೆಯಲ್ಲಿ ಮೊಲ್ಲೆ, ಸುರಗಿ ಮೊದಲಾದವುಗಳ ಸಾಲಿನಲ್ಲಿ ಗೋರಂಟೆ ಬಂದರೆ ಅದು ಮುಡಿಯುವ ಹೂವೇ ಹೊರತು ಹಚ್ಚುವ ಎಲೆಯಲ್ಲ. ಸಂಸ್ಕೃತ ವೈದ್ಯಗ್ರಂಥಗಳ ‘ಮದಯಂತಿಕಾ’ ಎಂಬ ಹೆಸರಿನ ಸ್ಥಿತಿಯೂ ಹೀಗೆಯೇ. ಕೆಲವರು ಅದನ್ನು ಮದರಂಗಿಯೆಂದೂ ಕೆಲವರು ಮಲ್ಲಿಗೆಯ ಒಂದು ಜಾತಿಯೆಂದೂ ವ್ಯಾಖ್ಯಾನಿಸಿದ್ದಾರೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪ್ರಸಿದ್ಧ ವಿದ್ವಾಂಸ ಪಿ. ಕೆ. ಗೋಡೆಯವರು ಮೆಹಂದಿಯ ಇತಿಹಾಸವನ್ನು ಕುರಿತು ಬರೆದಾಗ ಹೀಗೆ ಹೆಸರಿನಿಂದ ಹೆಸರಿಗೆ, ಕಾಲದಿಂದ ಕಾಲಕ್ಕೆ ಆಧಾರಗಳನ್ನು ಜೋಡಿಸುತ್ತ ಹೋದುದು ಅನುಕರಣೀಯ ಮಾರ್ಗವಾಗಿದೆ. ಗಿಡವು ಒಂದು ಪ್ರದೇಶದಲ್ಲಿ ಇದ್ದಿತೆಂಬುದು ಬೇರೆ. ಅದರ ಎಲೆಯು ಪ್ರಸಾಧನಕ್ಕೆ ಬಳಕೆಯಾಯಿತೆಂಬುದು ಬೇರೆ. ಎರಡನ್ನೂ ಒಂದಾಗಿಸಬಾರದು.

ಹಾಗಾದರೆ ಪ್ರಾಚೀನ ಕಾವ್ಯದ ಒಂದು ಸಂದರ್ಭದಲ್ಲಿ ಇರುವುದು ಯಾವ ಬಣ್ಣವೆಂದು ಅರಿಯುವುದು ಹೇಗೆ? ನಿಘಂಟಿನ ಸಹಾಯವಿಲ್ಲದೆಯೂ ಸಂದರ್ಭದೊಳಗಿಂದಲೇ ಇದನ್ನು ನಿರ್ಣಯಿಸಲು ಮೂರು ಲಕ್ಷಣಗಳುಂಟು.

ಮೊದಲನೆಯದು ಹೆಜ್ಜೆಗುರುತು. ನಾಯಿಕೆ ನಡೆದ ನೆಲದ ಮೇಲೆ ಕೆಂಪು ಅಡಿಗಳು ಮೂಡುವುದು, ಪ್ರಣಯಕಲಹದಲ್ಲಿ ಕಾಲಿಗೆ ಎರಗಿದ ನಲ್ಲನ ಹಣೆಗೆ ಕೆಂಪು ಹತ್ತುವುದು ಸಂಸ್ಕೃತ ಮತ್ತು ಕನ್ನಡ ಕವಿಗಳಿಗೆ ಪ್ರಿಯವಾದ ಕವಿಸಮಯ. ಹಸಿಯಾಗಿರುವ ರಸಕ್ಕೆ ಮಾತ್ರ ಇದು ಸಾಧ್ಯ. ಮದರಂಗಿಯು ಒಣಗಿ ತೊಳೆದ ಮೇಲೆ ಬಣ್ಣವು ಚರ್ಮದ ಒಳಗೇ ನಿಲ್ಲುತ್ತದೆ, ನೆಲಕ್ಕೆ ಇಳಿಯುವುದಿಲ್ಲ. ಹೆಜ್ಜೆ ಮೂಡಿದಲ್ಲಿ ಅಲತಿಗೆಯೇ ಸರಿ.

ಎರಡನೆಯದು ಕಾಲಾವಧಿ. ಮದರಂಗಿಗೆ ಹಲವು ಗಂಟೆಗಳು ಬೇಕು. ರಾತ್ರಿ ಹಚ್ಚಿ ಬೆಳಗ್ಗೆ ತೆಗೆಯುವುದು ರೂಢಿ. ಅಲತಿಗೆಯನ್ನು ಹೊರಡುವ ಹೊತ್ತಿನಲ್ಲಿಯೇ ಸಖಿಯು ಹಚ್ಚಿ ಮುಗಿಸಬಲ್ಲಳು. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೂರನೆಯ ಅಂಕದಲ್ಲಿ ಅಶೋಕದೋಹದಕ್ಕಾಗಿ ಮಾಲವಿಕೆಯ ಪಾದವನ್ನು ಸಖಿ ಸಿಂಗರಿಸುವ ಪ್ರಸಂಗ ಇದಕ್ಕೆ ನಿದರ್ಶನ. ಅಲ್ಲಿ ಹಸಿಯಾದ ಬಣ್ಣವನ್ನು ಬಾಯಿಯ ಗಾಳಿಯಿಂದ ಆರಿಸುವ ಮಾತು ಬರುತ್ತದೆ. ಅನಂತರ ಆಕೆ ಅದೇ ಪಾದದಿಂದ ಮರವನ್ನು ಒದೆಯುತ್ತಾಳೆ. ಮದರಂಗಿಯಾಗಿದ್ದರೆ ಆ ಅಂಕವು ಅಷ್ಟು ಬೇಗ ಮುಗಿಯಲಾರದು.

ಮೂರನೆಯದು ತುಟಿ. ಕಾಮಸೂತ್ರವು ನಾಗರಕನ ದಿನಚರಿಯನ್ನು ಹೇಳುವಲ್ಲಿ ತುಟಿಗೆ ಅಲಕ್ತಕವನ್ನೂ ಮೇಣವನ್ನೂ ಹಚ್ಚುವ ವಿಧಿಯಿದೆ. ಅಡಿಗೂ ಅಧರಕ್ಕೂ ಒಂದೇ ಬಣ್ಣವಾದಲ್ಲಿ ಅದು ಅರಗಿನ ರಸ. ಅರೆದ ಎಲೆಯನ್ನು ತುಟಿಗೆ ಮೆತ್ತುವ ಪದ್ಧತಿ ಇಲ್ಲ. ಇದಕ್ಕೆ ಪ್ರತಿಯಾಗಿ ಅರೆಯುವುದು, ಮೆತ್ತುವುದು, ರಾತ್ರಿ ಕಳೆಯುವುದು, ಬೆರಳ ತುದಿಗಳನ್ನು ಮುಚ್ಚುವುದು ಇಂತಹ ವಿವರಗಳು ಬಂದರೆ ಮಾತ್ರ ಮದರಂಗಿಯೆಂದು ಹೇಳಲು ಅವಕಾಶವುಂಟು.

ಬಣ್ಣದ ವಿಷಯ ಹೀಗಾದರೆ ಚಿತ್ತಾರದ ವಿಷಯ ಮತ್ತೊಂದು. ಇಂದಿನ ಮದರಂಗಿಯ ಬಳ್ಳಿ, ಎಲೆ, ಹೂಗಳ ರಚನೆಯನ್ನು ಕಂಡವರು ಅದಕ್ಕೆ ಮೂಲವನ್ನು ಅಲತಿಗೆಯಲ್ಲಿ ಹುಡುಕುವುದು ವ್ಯರ್ಥ. ಅಲತಿಗೆಯು ಅಡಿಯನ್ನು ಕೆಂಪಾಗಿಸುತ್ತಿತ್ತು, ಅಂಚುಗಟ್ಟುತ್ತಿತ್ತು. ಚಿತ್ರ ಬರೆಯುವ ಕಲೆ ಬೇರೆಯಾಗಿತ್ತು. ಅದಕ್ಕೆ ಪತ್ರಭಂಗ, ಪತ್ರಲೇಖೆ, ಮಕರಿಕಾಪತ್ರ ಎಂಬ ಹೆಸರುಗಳು. ಕತ್ತುರಿ, ಚಂದನ, ಕಾಲಾಗರು, ಕೇಸರಿ ಇವುಗಳ ಲೇಪದಿಂದ ಕೆನ್ನೆ, ಹಣೆ, ಎದೆಗಳ ಮೇಲೆ ಎಲೆಬಳ್ಳಿಗಳನ್ನೂ ಮಕರಗಳನ್ನೂ ಬರೆಯುತ್ತಿದ್ದರು. ಅದು ಕಂಪಿನ ಲೇಪ, ಬೆವರಿಗೆ ಅಳಿಯುತ್ತಿತ್ತು. ಅದರ ಅಳಿವನ್ನೇ ಕವಿಗಳು ಸಂಭೋಗಶೃಂಗಾರದ ಸೂಚನೆಯಾಗಿ ಬಳಸಿದರು. ಹೀಗೆ ಪ್ರಾಚೀನ ಪ್ರಸಾಧನದಲ್ಲಿ ಕೆಂಪು ಕಾಲಿನಲ್ಲಿಯೂ ಚಿತ್ತಾರ ಕೆನ್ನೆಯಲ್ಲಿಯೂ ಬೇರೆಬೇರೆಯಾಗಿದ್ದವು. ಈ ಎರಡೂ ಅಂಗೈಯಲ್ಲಿ ಒಂದುಗೂಡಿದುದು ಮದರಂಗಿಯ ಕಾಲದಲ್ಲಿ. ಪಂಡಿತರು ಪತ್ರಭಂಗವೆಂಬಲ್ಲಿ ಮದರಂಗಿಯ ಚಿತ್ತಾರವನ್ನು ಕಲ್ಪಿಸುವುದೂ ಅಷ್ಟೇ ಅನುಚಿತ.

ಜೈನಸಿದ್ಧಾಂತಗ್ರಂಥಗಳು ಈ ವಿಷಯದಲ್ಲಿ ಕಾವ್ಯಗಳಿಗಿಂತ ಹೆಚ್ಚು ಖಚಿತವಾದ ಸಾಕ್ಷ್ಯವನ್ನು ಒದಗಿಸುತ್ತವೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ೧೦ನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಕಷಾಯಮಾರ್ಗಣೆಯ ಪ್ರಕರಣವುಂಟು. ಲೋಭಕಷಾಯದ ನಾಲ್ಕು ತರತಮಗಳಿಗೆ ಅಲ್ಲಿ ನಾಲ್ಕು ದೃಷ್ಟಾಂತಗಳು: ಕೃಮಿರಾಗ, ಚಕ್ರಮಲ, ತನುಮಲ, ಹರಿದ್ರಾರಾಗ. ಕೀಟದಿಂದ ಬಂದ ಬಣ್ಣವು ಎಷ್ಟು ತೊಳೆದರೂ ಬಿಡದು. ಬಂಡಿಯ ಗಾಲಿಯ ಕೀಲಿನ ಮಸಿ ಕಷ್ಟದಿಂದ ಬಿಟ್ಟೀತು. ಮೈಯ ಕೊಳೆ ಅದಕ್ಕಿಂತ ಸುಲಭ. ಅರಿಷಿಣದ ಬಣ್ಣ ಬೇಗನೆ ಮಾಯುತ್ತದೆ. ಈ ನಾಲ್ಕು ಬಗೆಯ ಲೋಭಗಳು ಕ್ರಮವಾಗಿ ನರಕ, ತಿರ್ಯಕ್, ಮನುಷ್ಯ, ದೇವಗತಿಗಳಿಗೆ ಕಾರಣವಾಗುತ್ತವೆ. ಈ ಗ್ರಂಥಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಕರ್ಣಾಟಕವೃತ್ತಿಯನ್ನು ಬರೆದುದರಿಂದ ದೃಷ್ಟಾಂತಗಳು ಕನ್ನಡದ ಅಭ್ಯಾಸಿಗಳಿಗೆ ಕನ್ನಡದಲ್ಲಿಯೇ ದೊರೆತವು.

ಕೃಮಿರಾಗವು ಅರಗಿನ ಬಣ್ಣವೇ, ಬೇರೊಂದು ಕೀಟದ್ದೇ ಎಂಬ ಚರ್ಚೆಗೆ ಇಲ್ಲಿ ಪ್ರವೇಶಿಸಬೇಕಿಲ್ಲ. ದೃಷ್ಟಾಂತವು ಬಟ್ಟೆಯ ಬಣ್ಣಕ್ಕೆ ಸಂಬಂಧಿಸಿದ್ದು. ಇಲ್ಲಿ ಗ್ರಾಹ್ಯವಾದ ಅಂಶ ಬೇರೆ. ಬಣ್ಣ ನಿಲ್ಲುವ, ಬಿಡುವ ಕ್ರಮವನ್ನು ಹೇಳಲು ಆಚಾರ್ಯನು ತನ್ನ ಕಾಲದ ಜನಕ್ಕೆ ಪರಿಚಿತವಾದ ಬಣ್ಣಗಳನ್ನು ಆಯ್ದುಕೊಂಡಿದ್ದಾನೆ. ಒಂದು ತುದಿಯಲ್ಲಿ ಕೀಟದ ಕೆಂಪು, ಇನ್ನೊಂದು ತುದಿಯಲ್ಲಿ ಅರಿಷಿಣ. ಹದಿನೈದು ದಿನ ನಿಂತು ತಾನಾಗಿ ಮಾಸುವ ಎಲೆಯ ಬಣ್ಣವು ಮಧ್ಯಮ ದೃಷ್ಟಾಂತಕ್ಕೆ ಎಷ್ಟು ಯೋಗ್ಯವಾಗಿದ್ದರೂ ಆ ಸ್ಥಾನದಲ್ಲಿ ಮಸಿಯೂ ಕೊಳೆಯೂ ಇವೆ. ಇದೊಂದರಿಂದಲೇ ಮದರಂಗಿ ಅಂದು ಇರಲಿಲ್ಲವೆಂದು ಸಾಧಿಸಲಾಗದು. ಆದರೆ ಮೇಲಿನ ಮೂರು ಲಕ್ಷಣಗಳೊಡನೆ ಸೇರಿಸಿದಾಗ ಈ ಮೌನಕ್ಕೆ ಬೆಲೆಯುಂಟು.

ಇಲ್ಲಿ ಜೈನ ಓದುಗನ ಮನಸ್ಸಿನಲ್ಲಿ ಒಂದು ಊಹೆ ಹುಟ್ಟುವುದು ಸಹಜ. ಕೀಟದ ಬಣ್ಣವನ್ನು ಬಿಟ್ಟು ಎಲೆಯ ಬಣ್ಣವನ್ನು ಹಿಡಿದುದು ಅಹಿಂಸಾಧರ್ಮದ ಪ್ರಭಾವದಿಂದಲೇ ಅಲ್ಲವೆ? ಈ ಊಹೆಗೆ ಶಾಸ್ತ್ರಾಧಾರವೂ ಇದ್ದಂತೆ ತೋರುತ್ತದೆ. ಶ್ವೇತಾಂಬರಾಗಮಗಳಲ್ಲಿ ಒಂದಾದ ಉಪಾಸಕದಶಾವು ಶ್ರಾವಕನು ವರ್ಜಿಸಬೇಕಾದ ೧೫ ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವನ್ನು, ಎಂದರೆ ಅರಗಿನ ವ್ಯಾಪಾರವನ್ನು, ಎಣಿಸಿದೆ. ಹೇಮಚಂದ್ರನ ಯೋಗಶಾಸ್ತ್ರವು ಅದನ್ನು ವಿವರಿಸುತ್ತದೆ. ದಿಗಂಬರ ಪಂಡಿತ ಆಶಾಧರನು ೧೩ನೆಯ ಶತಮಾನದಲ್ಲಿ ಸಾಗಾರಧರ್ಮಾಮೃತದಲ್ಲಿ ಈ ಖರಕರ್ಮಗಳನ್ನು ಎತ್ತಿಕೊಂಡು, ಲೋಕದಲ್ಲಿ ಪಾಪಕರವಾದ ಉದ್ಯೋಗಗಳು ಎಣಿಕೆಗೆ ಮೀರಿರುವುದರಿಂದ ಇಷ್ಟೇ ಎಂದು ಗೊತ್ತುಮಾಡುವುದು ಸಮಂಜಸವಲ್ಲವೆಂದೂ, ಮಂದಬುದ್ಧಿಗಳಿಗಾಗಿ ಹೇಳಬಹುದೆಂದೂ ಅಭಿಪ್ರಾಯಪಟ್ಟಿದ್ದಾನೆ. ಉಭಯ ಸಂಪ್ರದಾಯಗಳಿಗೂ ಅರಗಿನ ವ್ಯಾಪಾರದ ದೋಷ ವಿದಿತವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ತ್ರಸಜೀವಿಯಾದ ಕೀಟದ ಘಾತಕ್ಕೂ ಏಕೇಂದ್ರಿಯವಾದ ಎಲೆಯನ್ನು ಕೀಳುವುದಕ್ಕೂ ಶ್ರಾವಕಾಚಾರದ ದೃಷ್ಟಿಯಲ್ಲಿ ಅಂತರವಿದೆಯೆಂಬುದೂ ಸತ್ಯ.

ಆದರೂ ಈ ಊಹೆಯನ್ನು ಇತಿಹಾಸವೆಂದು ಸ್ವೀಕರಿಸಲಾಗದು. ಮೊದಲನೆಯದಾಗಿ, ಆ ನಿಷೇಧವು ಮಾರಾಟಕ್ಕೆ ಸಂಬಂಧಿಸಿದ್ದು. ಹೆಂಗಸರ ಪ್ರಸಾಧನವನ್ನು ಅಲ್ಲಿ ಎತ್ತಿಲ್ಲ. ಎರಡನೆಯದಾಗಿ, ಜೈನಕವಿಗಳೇ ಅಲತಿಗೆಯನ್ನು ಯಾವ ಸಂಕೋಚವೂ ಇಲ್ಲದೆ ವರ್ಣಿಸಿದ್ದಾರೆ. ಮೂರನೆಯದಾಗಿ, ಅಲತಿಗೆಯ ಬಳಕೆ ಕುಗ್ಗಿದುದು ಜೈನರಲ್ಲಿ ಮಾತ್ರವಲ್ಲ. ಈ ನಾಡಿನ ಎಲ್ಲ ಜಾತಿಮತಗಳಲ್ಲಿಯೂ ಮದರಂಗಿಯೇ ನೆಲೆಗೊಂಡಿತು. ಒಂದು ಧರ್ಮದ ವ್ರತದಿಂದ ಇಷ್ಟು ವ್ಯಾಪಕವಾದ ಬದಲಾವಣೆಯನ್ನು ವಿವರಿಸಲಾಗದು. ಧರ್ಮಕ್ಕೆ ಗೌರವ ತರುವ ಕಾರಣವಾದರೂ ಆಧಾರವಿಲ್ಲದೆ ಒಪ್ಪುವುದು ಸಮ್ಯಕ್ಜ್ಞಾನದ ಮಾರ್ಗವಲ್ಲ.

ಬದಲಾವಣೆಗೆ ಲೌಕಿಕ ಕಾರಣಗಳು ಸಾಕಷ್ಟಿವೆ. ಅರಗು ಕಾಡಿನಿಂದ ಬಂದು ಪೇಟೆಯಲ್ಲಿ ಕೊಳ್ಳಬೇಕಾದ ವಸ್ತು. ಮದರಂಗಿ ಹಿತ್ತಲಲ್ಲಿ ಬಿಟ್ಟಿಯಾಗಿ ದೊರೆಯುವುದು. ಅಲತಿಗೆ ಬೇಗ ಅಳಿಯುವುದು. ಮದರಂಗಿ ವಾರಗಟ್ಟಲೆ ನಿಲ್ಲುವುದು. ಇದರೊಡನೆ ದಕ್ಷಿಣಾಪಥದ ಸುಲ್ತಾನರ ಆಳಿಕೆಯಲ್ಲಿ ಪಶ್ಚಿಮ ಏಷ್ಯದ ಹಿನ್ನಾ ಸಂಪ್ರದಾಯವು ಇಲ್ಲಿಯ ಜನಜೀವನದೊಡನೆ ಬೆರೆಯಿತು. ಇಸ್ಲಾಂ ಧರ್ಮದಲ್ಲಿ ಹಿನ್ನಾಕ್ಕೆ ಪ್ರವಾದಿಯ ಪರಂಪರೆಯಿಂದ ಬಂದ ಮಾನ್ಯತೆಯಿದೆ. ಜಾಫರ್ ಶರೀಫನ ‘ಕಾನೂನ್-ಎ-ಇಸ್ಲಾಂ’ ಎಂಬ ಗ್ರಂಥವು ೧೮೩೨ರಲ್ಲಿ ಹರ್ಕ್ಲಾಟ್ಸ್ ಎಂಬ ವೈದ್ಯನ ಇಂಗ್ಲಿಷ್ ಅನುವಾದದಲ್ಲಿ ಪ್ರಕಟವಾಯಿತು. ಅದರಲ್ಲಿ ದಖನಿ ಮುಸಲ್ಮಾನರ ಮದುವೆಯ ಅರಿಷಿಣ ಮತ್ತು ಮೆಹಂದಿಯ ವಿಧಿಗಳು ವಿಸ್ತಾರವಾಗಿ ನಿರೂಪಿತವಾಗಿವೆ. ಲಕ್ಷ್ಮೇಶ್ವರದಲ್ಲಿ ಶಂಖಬಸದಿ, ಸೋಮೇಶ್ವರ ದೇಗುಲ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ಒಂದೇ ಊರಿನೊಳಗೆ ಇವೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸ್ಲಿಂ ಉಭಯ ಸಂಪ್ರದಾಯಗಳನ್ನು ಒಂದಾಗಿ ಪಾಲಿಸಿಕೊಂಡು ಬಂದಿದೆ. ಇಂತಹ ನೆರೆಹೊರೆಯಲ್ಲಿ ಹಬ್ಬದ ಅಡುಗೆ, ಬಳೆ, ಬಣ್ಣಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದವೆಂದು ಊಹಿಸಲು ಅವಕಾಶವಿದೆ. ಮುಂದೆ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಪೇಟೆಗೆ ಬಂದಾಗ ಅರಗಿನ ಬಣ್ಣದ ಬೇಡಿಕೆ ಕುಸಿಯಿತು. ಅಲತಿಗೆಯೆಂಬ ಪದವೂ ಆಡುಮಾತಿನಿಂದ ಮರೆಯಾಗಿ ಓಲೆಗರಿಯಲ್ಲಿ ಮಾತ್ರ ಉಳಿಯಿತು.

ಮದರಂಗಿಯು ಬಂದಮೇಲೂ ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರೆಯಲಿಲ್ಲವೆಂಬುದು ಗಮನಾರ್ಹ. ಜಿನಸೇನಾಚಾರ್ಯನ ಆದಿಪುರಾಣವು ೫೩ ಗರ್ಭಾನ್ವಯಕ್ರಿಯೆಗಳನ್ನು ನಿರೂಪಿಸಿದೆ. ಅಲ್ಲಿಯ ವಿವಾಹಕ್ರಿಯೆಯಲ್ಲಿ ಸಿದ್ಧಪೂಜೆ, ಅಗ್ನಿಸಾಕ್ಷಿ, ವಧೂವರರು ಏಳು ದಿನ ಪಾಲಿಸುವ ಬ್ರಹ್ಮಚರ್ಯ, ಕಂಕಣವಿಮೋಚನೆ ಇವುಗಳ ಮಾತುಂಟು, ಕೈಬಣ್ಣದ ಮಾತಿಲ್ಲ. ಈ ಗ್ರಂಥದ ಉತ್ತರಭಾಗವಾದ ಉತ್ತರಪುರಾಣವು ಇದೇ ನಾಡಿಗೆ ಸಮೀಪದ ಬಂಕಾಪುರದಲ್ಲಿ ೮೯೮ರಲ್ಲಿ ಪೂಜಿತವಾಯಿತು. ಇಂದಿಗೂ ಗದಗ ಸೀಮೆಯ ಮದುವೆಗಳಲ್ಲಿ ವಿಧಿಯ ಬಲವಿರುವುದು ಅರಿಷಿಣಕ್ಕೆ; ಅರಿಷಿಣ ಹಚ್ಚಿ ಸುರಗಿ ಸುತ್ತಿದ ಮೇಲೆಯೇ ಮದುವೆಯ ಕಾರ್ಯ ಮುಂದುವರಿಯುವುದು. ಮದರಂಗಿಗೆ ಮಂತ್ರವಿಲ್ಲ, ಪುರೋಹಿತನಿಲ್ಲ. ಅದು ಹೆಂಗಸರು ಹೆಂಗಸರಿಗೆ ಮಾಡುವ ಉಪಚಾರವಾಗಿ, ಪಂಚಮಿ ಹಬ್ಬದಲ್ಲಿ ತವರಿಗೆ ಬಂದ ಮಗಳ ಸಂತೋಷವಾಗಿ ಉಳಿದಿದೆ. ಹಿಂದಿನ ರೂಢಿಯಲ್ಲಿ ಅಂಗೈಯ ನಡುವೆ ಒಂದು ದೊಡ್ಡ ಬೊಟ್ಟು, ಸುತ್ತ ಸಣ್ಣ ಬೊಟ್ಟುಗಳು, ಬೆರಳ ತುದಿಗಳಿಗೆ ಟೊಪ್ಪಿಗೆಯಂತೆ ಲೇಪ, ಇಷ್ಟೇ. ಬಳ್ಳಿಯ ಚಿತ್ತಾರವು ಉತ್ತರದ ಪದ್ಧತಿಯಾಗಿ, ಅರೆದ ಪುಡಿಯನ್ನು ತುಂಬಿದ ಕೋನ್ ಪೇಟೆಗೆ ಬಂದ ಮೇಲೆ, ೨೦ನೆಯ ಶತಮಾನದ ಕೊನೆಯಲ್ಲಿ ವ್ಯಾಪಕವಾಯಿತು. ಇತ್ತೀಚೆಗೆ ಬೇಗ ಕಪ್ಪಾಗಲೆಂದು ಕೂದಲಬಣ್ಣದ ರಾಸಾಯನಿಕವನ್ನು ಬೆರೆಸಿ ಮಾರುವುದೂ ಉಂಟು. ಅದು ಚರ್ಮಕ್ಕೆ ಗುಳ್ಳೆ, ಉರಿ ತರುವುದರಿಂದ ವರ್ಜ್ಯ. ಅಪ್ಪಟ ಮದರಂಗಿ ಎಂದೂ ಕಪ್ಪಾಗುವುದಿಲ್ಲ.

ಶಾಸ್ತ್ರವು ಮದರಂಗಿಯನ್ನು ವಿಧಿಸಲಿಲ್ಲವಾದರೂ ಅಲಂಕಾರದ ಮಿತಿಯನ್ನು ಹೇಳಿದೆ. ಸಮಂತಭದ್ರಾಚಾರ್ಯನ ರತ್ನಕರಂಡಕ ಶ್ರಾವಕಾಚಾರವು ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಾದಿಗಳನ್ನು ಬಿಡಬೇಕೆನ್ನುತ್ತದೆ. ಗೃಹಸ್ಥನಿಗೆ ಅಲಂಕಾರವು ಸರ್ವಥಾ ನಿಷಿದ್ಧವಲ್ಲ. ಬಿಡುವುದನ್ನು ಅಭ್ಯಾಸ ಮಾಡಬೇಕಾದ ವಸ್ತುಗಳಲ್ಲಿ ಅದೂ ಒಂದು. ಜೈನಕವಿಗಳ ಶೃಂಗಾರವರ್ಣನೆಯೂ ಇದೇ ನೆಲೆಯಲ್ಲಿ ನಿಂತಿದೆ. ಪಂಪನ ಆದಿಪುರಾಣದಲ್ಲಿ ಸರ್ವಾಂಗಸುಂದರಿಯಾದ ನೀಲಾಂಜನೆ ನರ್ತಿಸುತ್ತಿದ್ದಂತೆಯೇ ಕಣ್ಮರೆಯಾಗುತ್ತಾಳೆ. ಆ ಕ್ಷಣವೇ ಆದಿದೇವನ ವೈರಾಗ್ಯಕ್ಕೆ ಕಾರಣವಾಗುತ್ತದೆ. ಲಕ್ಷ್ಮೇಶ್ವರದ ಶಂಖಬಸದಿಯ ಅಧಿದೇ‍ವನಾದ ನೇಮಿನಾಥನ ಕಥೆಯಲ್ಲಿ ಮದುವೆಯ ಔತಣಕ್ಕೆಂದು ಕಟ್ಟಿಹಾಕಿದ ಮೃಗಗಳನ್ನು ಕಂಡ ವರನು ಊರ್ಜಯಂತಗಿರಿಗೆ ತೆರಳುತ್ತಾನೆ. ಮದುಮಗಳಾಗಿ ಸಿಂಗರಗೊಂಡ ರಾಜೀಮತಿ ಅವನ ಹಾದಿಯನ್ನೇ ಹಿಡಿದು ಆರ್ಯಿಕೆಯಾಗುತ್ತಾಳೆ. ಕರ್ಣಪಾರ್ಯನೂ ನೇಮಿಚಂದ್ರನೂ ಕನ್ನಡದಲ್ಲಿ ಈ ಪುರಾಣವನ್ನು ಬರೆದರು. ನೇಮಿಚಂದ್ರನ ಕೃತಿಯು ಅಪೂರ್ಣವಾಗಿ ಉಳಿದುದರಿಂದ ‘ಅರ್ಧನೇಮಿ’ಯೆಂದು ಹೆಸರಾಯಿತು. ಪ್ರಾಣಿದಯೆಗಾಗಿ ಮದುವೆಯೇ ನಿಂತ ಈ ಕಥೆಯ ಓದುಗನು ವಧುವಿನ ಅಡಿಗಳ ಕೆಂಪು ಯಾವುದರಿಂದ ಬಂದುದೆಂದು ಅರಿತಿರುವುದು ಉಚಿತ. ಅದನ್ನು ಮದರಂಗಿಯೆಂದು ತಿದ್ದಿದರೆ ಕಾವ್ಯವು ಹೆಚ್ಚು ಅಹಿಂಸಾತ್ಮಕವಾಗಿ ತೋರೀತು. ಆದರೆ ಕವಿಯ ಕಾಲದ ಲೋಕವು ನಮ್ಮಿಂದ ಮರೆಯಾಗುತ್ತದೆ.

ಆದ್ದರಿಂದ ಗ್ರಂಥಸಂಪಾದನೆಯಲ್ಲಿ ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಅಲತಗೆ, ಅಲತಿಗೆ ಎಂಬ ರೂಪಭೇದಗಳನ್ನು ಪ್ರತಿಯಲ್ಲಿದ್ದಂತೆ ಪಾಠಾಂತರಗಳಲ್ಲಿ ತೋರಿಸಬೇಕು. ಅರ್ಥಕೋಶದಲ್ಲಿ ‘ಅರಗಿನ ಕೆಂಪು ರಸ’ ಎಂದೇ ಬರೆಯಬೇಕು. ಓಲೆಯ ಅಂಚಿನಲ್ಲಿ ಅನಂತರದ ಕೈಯೊಂದು ‘ಮದರಂಗಿ’ಯೆಂದು ಟೀಕು ಬರೆದಿದ್ದರೆ ಅದನ್ನು ಮೂಲದ ಅರ್ಥಕ್ಕೆ ಆಧಾರವಾಗಿ ಬಳಸದೆ, ಆ ಟೀಕು ಬರೆದವನ ಕಾಲದ ಬಳಕೆಗೆ ಆಧಾರವಾಗಿ ದಾಖಲಿಸಬೇಕು, ಲಿಪಿಯಿಂದ ಅದರ ಕಾಲವನ್ನು ಗುರುತಿಸಿದರೆ ಮದರಂಗಿಯ ಇತಿಹಾಸಕ್ಕೆ ಅದೇ ಅಮೂಲ್ಯ ಸಾಮಗ್ರಿಯಾಗುತ್ತದೆ. ಗೋರಂಟೆ ಬಂದಲ್ಲಿ ಹೂವೋ ಎಲೆಯೋ ಎಂದು ಸಂದರ್ಭದಿಂದ ನಿಶ್ಚಯಿಸಬೇಕು. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದ ಕವಿಗಳು ಕಾಲಿನ ಕೆಂಪಿಗೂ ಕೆನ್ನೆಯ ಬಳ್ಳಿಗೂ ಬೇರೆಬೇರೆ ಪದಗಳನ್ನು ಇಟ್ಟಿದ್ದಾರೆ. ಆ ಭೇದವನ್ನು ಕಾಯುವುದು ಅವರ ಗ್ರಂಥಗಳನ್ನು ಕಾಯುವವರ ಕರ್ತವ್ಯ.